ಜಕ್ಕೂರಿನಲ್ಲಿ ಕಲಿತವರು ಕ್ಯಾಲಿಫೋರ್ನಿಯಾದಲ್ಲಿ ಹಾರಿದರೆ ಟ್ರಾವೆಲ್ ಇನ್ಶೂರೆನ್ಸ್ ಬರುತ್ತದೆಯೇ?

ಪ್ರಶ್ನೆ: ನಾನು ವಿದ್ಯಾರಣ್ಯಪುರದವನು, ಸಾಫ್ಟ್‌ವೇರ್ ಕೆಲಸ. ಜಕ್ಕೂರಿನಲ್ಲಿ ಹಾರಾಟ ಕಲಿತು ಪ್ರೈವೇಟ್ ಪೈಲಟ್ ಲೈಸೆನ್ಸ್ ಪಡೆದಿದ್ದೇನೆ. ಬರುವ ಮೇ ತಿಂಗಳಲ್ಲಿ ಹೆಂಡತಿ ಮತ್ತು ಹದಿನಾರು ವರ್ಷದ ಮಗಳ ಜೊತೆ ಕ್ಯಾಲಿಫೋರ್ನಿಯಾದಲ್ಲಿರುವ ತಮ್ಮನ ಮನೆಗೆ ಹೋಗುತ್ತಿದ್ದೇವೆ. ಅಲ್ಲಿನ ಫ್ಲೈಯಿಂಗ್ ಕ್ಲಬ್ಬಿನಿಂದ ಸೆಸ್ನಾ 172 ಎಂಬ ನಾಲ್ಕು ಸೀಟಿನ ಸಣ್ಣ ವಿಮಾನವನ್ನು ಬಾಡಿಗೆಗೆ ತೆಗೆದುಕೊಂಡು ಎಲ್ಲರನ್ನೂ ಒಂದು ಸುತ್ತು ಹಾರಿಸಿಕೊಂಡು ಬರುವ ಆಸೆ. ಬಾಡಿಗೆ ತಾನೇ ಕೊಡುತ್ತೇನೆ ಎಂದು ತಮ್ಮ ಹಟ ಹಿಡಿದಿದ್ದಾನೆ. ಮಗಳಿಗೆ ಅಲ್ಲೊಂದು ಡಿಸ್ಕವರಿ ಫ್ಲೈಟ್ (ಇನ್‌ಸ್ಟ್ರಕ್ಟರ್ ಜೊತೆ ಮೊದಲ ಪರಿಚಯದ ಹಾರಾಟ) ಮಾಡಿಸಬೇಕು, ಹೆಂಡತಿಗೆ ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಹಾರಬೇಕು. 'ಅಡ್ವೆಂಚರ್ ಸ್ಪೋರ್ಟ್ಸ್' ಸೇರಿಸಿದ ಟ್ರಾವೆಲ್ ಪಾಲಿಸಿ ತೆಗೆದುಕೊಂಡಿದ್ದೇವೆ. 'ಎಲ್ಲಾ ಕವರ್ ಆಗುತ್ತೆ ಸಾರ್, ಯೋಚನೆ ಮಾಡಬೇಡಿ' ಎನ್ನುತ್ತಾರೆ ಏಜೆಂಟ್. ಪಾಲಿಸಿಯ ಪುಟಗಳನ್ನು ಜೊತೆಗೆ ಕಳುಹಿಸಿದ್ದೇನೆ. ಇದು ಸಾಕೇ?

ಉತ್ತರ:

ಸಾಲದು. ಈಗ ಕೈಯಲ್ಲಿರುವ ಪಾಲಿಸಿಯನ್ನು ನಂಬಿಕೊಂಡು ಆ ಸೆಸ್ನಾ ಹತ್ತಬೇಡಿ. ನಿಮಗಷ್ಟೇ ಅಲ್ಲ, ಹಿಂದಿನ ಸೀಟಿನಲ್ಲಿ ಕೂರುವ ನಿಮ್ಮ ಹೆಂಡತಿ, ಮಗಳಿಗೂ ಆ ಹೊತ್ತಿನಲ್ಲಿ ಅದು ಇಲ್ಲದ ಹಾಗೆಯೇ. ಏಜೆಂಟರು ಬೇಕೆಂದು ಸುಳ್ಳು ಹೇಳಿದ್ದಾರೆ ಎಂದು ನನಗನ್ನಿಸುವುದಿಲ್ಲ. ಅವರ ಬಳಿ ಬರುವವರು ಸ್ಕೂಬಾ, ಬಂಗೀ, ಪ್ಯಾರಾಗ್ಲೈಡಿಂಗ್ ಬಗ್ಗೆ ಕೇಳುತ್ತಾರೆ. ತಾನೇ ವಿಮಾನ ಓಡಿಸುತ್ತೇನೆ ಎನ್ನುವವರು ಅಪರೂಪ. ಆದರೆ ಕ್ಲೇಮ್ ಫೈಲು ತೆರೆದು ಕೂತವರು ಏಜೆಂಟರ ಮಾತನ್ನು ನೋಡುವುದಿಲ್ಲ, ಪಾಲಿಸಿಯ ಒಕ್ಕಣೆಯನ್ನು ನೋಡುತ್ತಾರೆ. ಕ್ಲೇಮ್ ವಿಭಾಗದಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತಿದ್ದೇನೆ, ಅಲ್ಲಿ ಮೊದಲು ಬಿಚ್ಚುವುದೇ ಯಾವುದಕ್ಕೆ ಹಣ ಸಿಗುವುದಿಲ್ಲ ಎಂದು ಪಟ್ಟಿ ಮಾಡಿದ ಎಕ್ಸ್‌ಕ್ಲೂಷನ್ ಪುಟ.

ನೀವು ಕಳುಹಿಸಿದ ಪಾಲಿಸಿಯ ಆ ಪುಟದಲ್ಲಿ ವಿಮಾನಕ್ಕೆ ಸಂಬಂಧಿಸಿ ಒಂದೇ ಒಂದು ಸಾಲಿದೆ. ಅದರ ಅರ್ಥ ಇಷ್ಟು: ನಿಗದಿತ ವೇಳಾಪಟ್ಟಿಯಂತೆ ಹಾರುವ, ಪರವಾನಗಿ ಪಡೆದ ವಿಮಾನ ಸಂಸ್ಥೆಯಲ್ಲಿ ಟಿಕೆಟ್ ಕೊಂಡ ಪ್ರಯಾಣಿಕರಾಗಿ ಹೋಗುವುದನ್ನು ಬಿಟ್ಟರೆ, ಬೇರೆ ಯಾವ ರೀತಿಯಲ್ಲಿ ಆಕಾಶಕ್ಕೇರಿದರೂ ಅದರಿಂದಾದ ಗಾಯ, ಸಾವು, ಖರ್ಚು ಯಾವುದಕ್ಕೂ ಕಂಪನಿ ಹೊಣೆಯಲ್ಲ. ಕ್ಲಬ್ಬಿನ ಸೆಸ್ನಾಗೆ ವೇಳಾಪಟ್ಟಿ ಇಲ್ಲ. ನಿಮ್ಮ ಹೆಂಡತಿ ಟಿಕೆಟ್ ಕೊಂಡಿಲ್ಲ. ಆಕೆ ಸ್ಟಿಯರಿಂಗ್ ಮುಟ್ಟದೆ ಹಿಂದೆ ಕೂತು ಫೋಟೋ ತೆಗೆಯುತ್ತಿದ್ದರೂ ಈ ಸಾಲು ಆಕೆಯನ್ನೂ ಹೊರಗಿಡುತ್ತದೆ. ಬಹಳ ಜನ ಗಮನಿಸದೆ ಬಿಡುವುದು ಇದನ್ನೇ. ರಿಸ್ಕ್ ಪೈಲಟ್‌ಗೆ ಮಾತ್ರ, ಮನೆಯವರು ಬರೀ ಪ್ರಯಾಣಿಕರು ತಾನೇ ಎಂದುಕೊಂಡಿರುತ್ತಾರೆ.

ಎಲ್ಲ ಪಾಲಿಸಿಗಳೂ ಹೀಗೇ ಇರುವುದಿಲ್ಲ. ನಮ್ಮ ದೇಶದ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿಗಳಲ್ಲಿ ಬಹಳ ಕಾಲದಿಂದ ನಡೆದುಬಂದ ಇನ್ನೊಂದು ಒಕ್ಕಣೆ ಇದೆ. ಅದರ ಪ್ರಕಾರ, ಸರಿಯಾದ ಪರವಾನಗಿಯುಳ್ಳ ಸ್ಟ್ಯಾಂಡರ್ಡ್ ಮಾದರಿಯ ಯಾವುದೇ ವಿಮಾನದಲ್ಲಿ, ಜಗತ್ತಿನ ಯಾವುದೇ ಭಾಗದಲ್ಲಿ, ದುಡ್ಡು ಕೊಟ್ಟೋ ಕೊಡದೆಯೋ ಪ್ರಯಾಣಿಕರಾಗಿ ಕೂತಿದ್ದರೆ ರಕ್ಷಣೆ ಉಂಟು. ಸ್ಟ್ಯಾಂಡರ್ಡ್ ಮಾದರಿ ಎಂದರೇನೆಂದು ಅದರ ಕೆಳಗೇ ವಿವರಿಸಿರುತ್ತಾರೆ: ಸಂಬಂಧಪಟ್ಟ ಪ್ರಾಧಿಕಾರ ಪ್ರಯಾಣಿಕರನ್ನು ಒಯ್ಯಲು ಅನುಮತಿ ಕೊಟ್ಟಿರಬೇಕು, ಅದು ಖಾಸಗಿಯದೋ, ಚಾರ್ಟರೋ, ಏರ್‌ಲೈನಿನದೋ, ಒಂದು ಎಂಜಿನ್ನಿನದೋ ಹೆಚ್ಚಿನದೋ ಎಂಬುದು ಲೆಕ್ಕಕ್ಕಿಲ್ಲ. ಈ ಒಕ್ಕಣೆಯ ಪಾಲಿಸಿ ಇದ್ದರೆ ನಿಮ್ಮ ಹೆಂಡತಿ, ಮಗಳು ಒಳಗೆ. ಓಡಿಸುವ ನೀವು ಮಾತ್ರ ಹೊರಗೆ. ಎರಡು ಪಾಲಿಸಿಗಳ ಪ್ರೀಮಿಯಂ ಹೆಚ್ಚುಕಡಿಮೆ ಒಂದೇ ಇರಬಹುದು, ಮುಖಪುಟದಲ್ಲಿ ಅಷ್ಟೇ ಲಕ್ಷ ಡಾಲರ್ ಎಂದು ಬರೆದಿರಬಹುದು. ಆದರೆ ಈ ಒಂದು ಸಾಲಿನಿಂದ ನಿಮ್ಮ ಮನೆಯ ಇಬ್ಬರ ಸ್ಥಿತಿ ಬದಲಾಗುತ್ತದೆ. ಹಾಗಾಗಿ ಪಾಲಿಸಿ ಹೋಲಿಸುವಾಗ ಮೊತ್ತಕ್ಕಿಂತ ಮೊದಲು ಈ ಸಾಲನ್ನು ಹುಡುಕಿ.

ಅಂದಹಾಗೆ, ಅಮೆರಿಕದಲ್ಲಿ ಮನೆಯಲ್ಲೇ ಕಟ್ಟಿದ ಎಕ್ಸ್‌ಪೆರಿಮೆಂಟಲ್ ವರ್ಗದ ವಿಮಾನಗಳು ಬಹಳ ಇವೆ. ತಮ್ಮನ ಗೆಳೆಯರು ಯಾರಾದರೂ 'ಬನ್ನಿ, ನನ್ನದರಲ್ಲಿ ಒಂದು ರೌಂಡ್' ಎಂದರೆ, ಆ ವಿಮಾನ ಮೇಲೆ ಹೇಳಿದ ಸ್ಟ್ಯಾಂಡರ್ಡ್ ಮಾದರಿಯ ಲೆಕ್ಕಕ್ಕೆ ಬರುವುದು ಕಷ್ಟ.

ಇನ್ನು ನೀವು ಹೆಚ್ಚು ಹಣ ಕೊಟ್ಟು ಸೇರಿಸಿಕೊಂಡ ಅಡ್ವೆಂಚರ್ ಸ್ಪೋರ್ಟ್ಸ್ ವಿಷಯ. ಅದರ ಪಟ್ಟಿಯನ್ನು ಓದಿದೆ. ಸ್ಕೈಡೈವಿಂಗ್ ಇದೆ, ಸ್ನಾರ್ಕೆಲಿಂಗ್ ಇದೆ, ಬಂಗೀ ಇದೆ. ಎಲ್ಲದಕ್ಕೂ ಸೇರಿ ಒಂದು ಷರತ್ತು: ತರಬೇತಿ ಪಡೆದ ವೃತ್ತಿಪರರ ಉಸ್ತುವಾರಿಯಲ್ಲಿ ಮಾಡಿರಬೇಕು. ವಿಮಾನ ಓಡಿಸುವುದು ಪಟ್ಟಿಯಲ್ಲಿಲ್ಲ. ಹೆಸರಿಸದೇ ಇರುವುದು ಸೇರುತ್ತದೆ ಎಂದು ಊಹಿಸಿಕೊಳ್ಳಲು ಅಲ್ಲಿ ಜಾಗವೂ ಇಲ್ಲ. ಒಂದು ವೇಳೆ ಪಟ್ಟಿಯ ಕೊನೆಯಲ್ಲಿ 'ಇತ್ಯಾದಿ' ಎಂದಿದ್ದರೂ, ಎಕ್ಸ್‌ಕ್ಲೂಷನ್ ಪುಟದಲ್ಲಿ ವಿಮಾನಯಾನವನ್ನು ಹೆಸರಿಟ್ಟು ತೆಗೆದುಹಾಕಿರುವಾಗ ಆ 'ಇತ್ಯಾದಿ' ನಿಮ್ಮ ಸಹಾಯಕ್ಕೆ ಬರುವುದಿಲ್ಲ. ತಂದೆತಾಯಿ ಬಂದಾಗ ಅಮೆರಿಕದಲ್ಲೇ ಮಕ್ಕಳು ಕೊಳ್ಳುವ ವಿಸಿಟರ್ ಇನ್ಶೂರೆನ್ಸ್ ಇದೆಯಲ್ಲ, ನಿಮ್ಮ ತಮ್ಮ 'ಅದನ್ನೇ ತೆಗೆದುಕೊಡುತ್ತೇನೆ' ಎನ್ನಬಹುದು. ಅವುಗಳಲ್ಲೂ ಸಾಮಾನ್ಯವಾಗಿ ಇದೇ ಬೇಲಿ ಇರುತ್ತದೆ.

ಇಷ್ಟು ಹೊತ್ತು ದೇಹಕ್ಕಾಗುವ ಪೆಟ್ಟಿನ ಮಾತಾಯಿತು. ಹವ್ಯಾಸಿ ಪೈಲಟ್‌ಗೆ ನಿಜವಾಗಿ ಎದುರಾಗುವ ನಷ್ಟ ಬಹುಪಾಲು ಬೇರೆ ತರಹದ್ದು, ಅದರ ಬಗ್ಗೆ ಟ್ರಾವೆಲ್ ಪಾಲಿಸಿ ಮಾತೇ ಆಡುವುದಿಲ್ಲ. ಸಣ್ಣ ವಿಮಾನಗಳ ಅವಘಡಗಳಲ್ಲಿ ಇಳಿಯುವಾಗ ಆಗುವಂಥವೇ ಹೆಚ್ಚು, ಅವುಗಳಲ್ಲಿ ಬಹುತೇಕ ಯಾರಿಗೂ ಏನೂ ಆಗುವುದಿಲ್ಲ. ಹೇಗಾಗುತ್ತದೆ ನೋಡಿ: ಅಪರಿಚಿತ ರನ್‌ವೇ, ಸ್ವಲ್ಪ ಹೆಚ್ಚಿನ ವೇಗದಲ್ಲಿ ಇಳಿದಿರಿ, ವಿಮಾನ ಒಮ್ಮೆ ಪುಟಿಯಿತು, ಮೂಗನ್ನು ಕೆಳಗೆ ಒತ್ತಿದಿರಿ, ಮತ್ತೆ ಪುಟಿಯಿತು, ಮೂರನೆಯ ಸಲ ಮುಂದಿನ ಚಕ್ರ ಮೊದಲು ನೆಲಕ್ಕೆ ಬಡಿದು ಬಾಗಿತು, ತಿರುಗುತ್ತಿದ್ದ ಪ್ರೊಪೆಲ್ಲರ್ ಡಾಂಬರಿಗೆ ತಾಗಿ ಅದರ ಅಲಗುಗಳ ತುದಿ ಮಡಚಿತು. ಎಲ್ಲರೂ ಬಾಗಿಲು ತೆಗೆದು ನಡೆದುಕೊಂಡೇ ಹೊರಗೆ ಬಂದಿರಿ, ಮೈಮೇಲೆ ಒಂದು ಗೀರಿಲ್ಲ. ಆದರೆ ಪ್ರೊಪೆಲ್ಲರ್ ನೆಲಕ್ಕೆ ತಾಗಿದರೆ ಅದನ್ನು ಬದಲಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಸಾಮಾನ್ಯವಾಗಿ ಎಂಜಿನ್ ಬಿಚ್ಚಿ ಒಳಗಿನ ಕ್ರ್ಯಾಂಕ್‌ಶಾಫ್ಟ್ ತನಕ ಪರೀಕ್ಷಿಸಬೇಕು. ಚಕ್ರದ ಹಿಂದಿನ ಫೈರ್‌ವಾಲ್, ಅಂದರೆ ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಲೋಹದ ಗೋಡೆ, ಸುಕ್ಕುಗಟ್ಟಿದ್ದರೆ ಅದು ಇನ್ನೊಂದು ದೊಡ್ಡ ಕೆಲಸ. ಬಿಲ್ಲು ಹತ್ತಾರು ಸಾವಿರ ಡಾಲರ್ ದಾಟುವುದು ಸುಲಭ. ಜೊತೆಗೆ ವಿಮಾನ ರಿಪೇರಿಯಲ್ಲಿದ್ದಷ್ಟು ದಿನ ಕ್ಲಬ್ಬಿಗೆ ತಪ್ಪಿದ ಬಾಡಿಗೆಯನ್ನೂ ಕೇಳಬಹುದು.

'ನನ್ನ ಪಾಲಿಸಿಯಲ್ಲಿ ಪರ್ಸನಲ್ ಲಯಬಿಲಿಟಿ ಇದೆಯಲ್ಲ' ಎಂದು ನೀವು ಕೇಳಬಹುದು. ಇದೆ, ನಿಮ್ಮ ಪುಟಗಳಲ್ಲಿ ನೋಡಿದೆ. ಹೋಟೆಲಿನಲ್ಲಿ ನಿಮ್ಮಿಂದ ಯಾರಿಗೋ ಗಾಯವಾದರೆ, ಯಾರದೋ ವಸ್ತು ಒಡೆದರೆ ಅದು ಬರುತ್ತದೆ. ಆದರೆ ವಾಹನ, ದೋಣಿ, ವಿಮಾನದ ಒಡೆತನ ಅಥವಾ ಬಳಕೆಯಿಂದ ಬರುವ ಹೊಣೆಯನ್ನು ಆ ಭಾಗದಿಂದ ತೆಗೆದಿರುತ್ತಾರೆ. ಇದು ಹೆಚ್ಚುಕಡಿಮೆ ಎಲ್ಲ ಕಂಪನಿಗಳಲ್ಲೂ ಒಂದೇ.

ಕ್ಲಬ್ಬಿನವರನ್ನು ಕೇಳಿದರೆ 'ವಿಮಾನಕ್ಕೆ ಇನ್ಶೂರೆನ್ಸ್ ಇದೆ' ಎನ್ನುತ್ತಾರೆ. ಅದು ನಿಜ, ಆದರೆ ಆ ಇನ್ಶೂರೆನ್ಸ್ ಕ್ಲಬ್ಬಿನದು. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿರುವವರ ಅಜಾಗರೂಕತೆಯಿಂದ ಬೆಂಕಿ ಬಿದ್ದರೆ ಮನೆ ಮಾಲೀಕರ ವಿಮೆ ಮಾಲೀಕರಿಗೆ ಹಣ ಕೊಡುತ್ತದೆ, ಆಮೇಲೆ ಅದೇ ಕಂಪನಿ ಮಾಲೀಕರ ಜಾಗದಲ್ಲಿ ನಿಂತು ಬಾಡಿಗೆದಾರರಿಂದ ವಸೂಲಿಗೆ ಬರಬಹುದು, ಇಲ್ಲೂ ಹಾಗೆಯೇ. ಇದನ್ನು ಸಬ್ರೊಗೇಷನ್ ಎನ್ನುತ್ತಾರೆ. ನಿಮ್ಮ ಬಾಡಿಗೆ ಕರಾರಿನಲ್ಲಿ ಈ ಹಕ್ಕನ್ನು ಕಂಪನಿ ಬಿಟ್ಟುಕೊಟ್ಟಿದೆಯೇ, ನಿಮ್ಮನ್ನು ಹೆಚ್ಚುವರಿ ವಿಮಾದಾರರಾಗಿ ಸೇರಿಸುತ್ತಾರೆಯೇ, ಡಿಡಕ್ಟಿಬಲ್ (ವಿಮೆ ಕೊಡುವ ಮೊದಲು ಕೈಯಿಂದ ಕಟ್ಟಬೇಕಾದ ಮೊತ್ತ) ಎಷ್ಟು, ಅದನ್ನು ಯಾರು ಕಟ್ಟಬೇಕು, ಈ ನಾಲ್ಕನ್ನು ಸಹಿ ಹಾಕುವ ಮೊದಲು ಓದಿ. ಕೌಂಟರಿನಲ್ಲಿ ನಿಂತು ಓದಲು ಆಗುವುದಿಲ್ಲ, ಹಿಂದೆ ಮಗಳು 'ಅಪ್ಪಾ ಬೇಗ' ಎನ್ನುತ್ತಿರುತ್ತಾಳೆ. ಕರಾರಿನ ಪ್ರತಿಯನ್ನು ಇಮೇಲಿನಲ್ಲಿ ತರಿಸಿಕೊಂಡು ಬೆಂಗಳೂರಿನಲ್ಲೇ ಓದಿಕೊಳ್ಳಿ.

ಈ ಅಂತರವನ್ನು ತುಂಬಲು ಅಮೆರಿಕದಲ್ಲಿ ರೆಂಟರ್ಸ್ ಇನ್ಶೂರೆನ್ಸ್ ಎಂಬುದಿದೆ; ಸ್ವಂತದ್ದಲ್ಲದ ವಿಮಾನ ಹಾರಿಸುವವರಿಗಾಗಿಯೇ ಮಾಡಿದ ಪಾಲಿಸಿ. ಅದರಲ್ಲಿ ಎರಡು ಭಾಗ. ಒಂದು, ನಿಮ್ಮಿಂದ ಇತರರ ಜೀವಕ್ಕೆ, ಆಸ್ತಿಗೆ ಆದ ಹಾನಿ. ಇನ್ನೊಂದು, ಬಾಡಿಗೆಗೆ ತಂದ ವಿಮಾನಕ್ಕೇ ಆದ ಹಾನಿ. ಎರಡನೆಯದನ್ನು ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕು. ಮೇಲೆ ಹೇಳಿದ ಬಾಗಿದ ಪ್ರೊಪೆಲ್ಲರಿಗೆ ಉತ್ತರ ಅಲ್ಲಿರುವುದು. ಮೊದಲನೆಯ ಭಾಗದಲ್ಲಿ ಒಂದು ಸೂಕ್ಷ್ಮ ಇದೆ. ಪಾಲಿಸಿಯ ಮೇಲೆ ಹತ್ತು ಲಕ್ಷ ಡಾಲರ್ ಎಂದು ಬರೆದಿದ್ದರೂ ವಿಮಾನದೊಳಗಿನ ಪ್ರತಿ ಪ್ರಯಾಣಿಕರಿಗೆ ಒಂದು ಲಕ್ಷ ಡಾಲರ್ ಮಾತ್ರ ಎಂಬ ಒಳಮಿತಿ ಸಾಮಾನ್ಯವಾಗಿ ಇರುತ್ತದೆ. ನೆಲದ ಮೇಲಿರುವವರಿಗೆ ದೊಡ್ಡ ಮೊತ್ತ, ನಿಮ್ಮ ಪಕ್ಕದಲ್ಲಿ ಕೂತವರಿಗೆ ಸಣ್ಣ ಮೊತ್ತ. ಅಮೆರಿಕದ ಆಸ್ಪತ್ರೆಯಲ್ಲಿ ಒಂದು ಲಕ್ಷ ಡಾಲರ್ ಎಷ್ಟು ದಿನ ಬರುತ್ತದೆ ಎಂದು ನಿಮ್ಮ ತಮ್ಮನನ್ನೇ ಕೇಳಿ. ಜೊತೆಗೆ ಪೈಲಟ್‌ನ ಸ್ವಂತ ಹೆಂಡತಿ ಮಕ್ಕಳನ್ನು ಪ್ರಯಾಣಿಕರಾಗಿ ಪರಿಗಣಿಸುತ್ತಾರೆಯೇ, ಅಮೆರಿಕದ ನಿವಾಸಿಯಲ್ಲದವರಿಗೆ ಪಾಲಿಸಿ ಕೊಡುತ್ತಾರೆಯೇ ಎಂಬ ಎರಡು ಪ್ರಶ್ನೆಗಳನ್ನು ಕೊಳ್ಳುವ ಮೊದಲೇ ಕೇಳಬೇಕು. ಮತ್ತು ಇದು ಹೊಣೆಗಾರಿಕೆಯ ಪಾಲಿಸಿ, ನಿಮ್ಮದೇ ಮುರಿದ ಕಾಲಿಗೆ ಇದರಿಂದ ಚಿಕಿತ್ಸೆ ಸಿಗುವುದಿಲ್ಲ.

ನಿಮ್ಮ ದೇಹಕ್ಕೆ ರಕ್ಷಣೆ ಬೇಕಾದರೆ ಎರಡು ದಾರಿ. ಟ್ರಾವೆಲ್ ಪಾಲಿಸಿ ಕೊಡುವ ಕಂಪನಿಯಿಂದಲೇ ಪೈಲಟ್ ಆಗಿ ಹಾರುವುದನ್ನು ಸೇರಿಸಿ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಲಿಖಿತ ತಿದ್ದುಪಡಿ, ಪಡೆಯುವುದು ಒಂದು. ಹೆಚ್ಚಿನವರು ಒಲ್ಲೆ ಎನ್ನುತ್ತಾರೆ, ಆದರೂ ಕೇಳಬೇಕು. ಇನ್ನೊಂದು, ಏವಿಯೇಷನ್ ವಿಮೆ ಮಾಡುವ ಸಾಮಾನ್ಯ ವಿಮಾ ಕಂಪನಿಗಳಲ್ಲಿ ಪೈಲಟ್‌ಗಳಿಗಾಗಿಯೇ ಇರುವ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ. ಇದನ್ನು ಆನ್‌ಲೈನ್‌ನಲ್ಲಿ ಕ್ಲಿಕ್ ಮಾಡಿ ಕೊಳ್ಳಲು ಆಗುವುದಿಲ್ಲ; ಏವಿಯೇಷನ್ ಗೊತ್ತಿರುವ ಬ್ರೋಕರ್ ಮೂಲಕ ಹೋಗಬೇಕು. ಅವರು ನಿಮ್ಮ ಒಟ್ಟು ಹಾರಾಟದ ಗಂಟೆ, ಕಳೆದ ವರ್ಷದ ಗಂಟೆ, ವಿಮಾನದ ಮಾದರಿ, ಹಾರುವ ದೇಶ ಎಲ್ಲ ಕೇಳುತ್ತಾರೆ. ಪಾಲಿಸಿ ಯಾವ ಯಾವ ದೇಶಕ್ಕೆ ಅನ್ವಯ ಎಂಬ ಸಾಲಿನಲ್ಲಿ ಅಮೆರಿಕವನ್ನು ಸೇರಿಸಿದ್ದಾರೆಯೇ ನೋಡಿಕೊಳ್ಳಿ, ಅದನ್ನು ಬಿಟ್ಟು ಬರೆಯುವುದು ವಿಮೆಯಲ್ಲಿ ಹೊಸದೇನಲ್ಲ. ಇದು ಅಪಘಾತಕ್ಕೆ ನಿಗದಿತ ಮೊತ್ತ ಕೊಡುವ ಪಾಲಿಸಿ ಎಂಬುದೂ ನೆನಪಿರಲಿ; ಆಸ್ಪತ್ರೆಯ ಬಿಲ್ಲಿಗೆ ಎಂಡಾರ್ಸ್‌ಮೆಂಟೇ ಬೇಕು.

ಆಸ್ಪತ್ರೆ ಖರ್ಚಿಗೆ ಲಿಖಿತ ಒಪ್ಪಿಗೆ ಎಲ್ಲೂ ಸಿಗದಿದ್ದರೆ ನನ್ನ ಸಲಹೆ ಬೇಸರ ತರಿಸಬಹುದು, ಆದರೂ ಹೇಳುತ್ತೇನೆ: ಮನೆಯವರನ್ನು ಕೂರಿಸಿಕೊಂಡು ಹಾರುವ ಯೋಜನೆಯನ್ನು ಬಿಡಿ. ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂತರೂ ವಿಮೆಯ ದೃಷ್ಟಿಯಲ್ಲಿ ನೀವು ಟಿಕೆಟ್ ಕೊಂಡ ಪ್ರಯಾಣಿಕರಾಗುವುದಿಲ್ಲ. ಇಡೀ ಕುಟುಂಬ ಒಂದೇ ವಿಮಾನದಲ್ಲಿ, ಒಬ್ಬರಿಗೂ ಆಸ್ಪತ್ರೆಯ ರಕ್ಷಣೆ ಇಲ್ಲ ಎಂಬ ಸ್ಥಿತಿಯನ್ನು ಯಾವ ಸಂತೋಷಕ್ಕೂ ನಾನು ಒಪ್ಪಲಾರೆ.

ಈಗ ಲೈಸೆನ್ಸಿನ ಮಾತು. ವಿಮೆಯ ಪ್ರಶ್ನೆಗೆ ಇದೇಕೆ ಎಂದುಕೊಳ್ಳಬೇಡಿ. ವಿಮಾನಕ್ಕೆ ಸಂಬಂಧಿಸಿದ ಯಾವ ಪಾಲಿಸಿಯೇ ಆಗಲಿ, ಹಾರಿಸಿದವರಿಗೆ ಆ ವಿಮಾನ ಹಾರಿಸಲು ಕಾನೂನುಬದ್ಧ ಅರ್ಹತೆ ಇರಲಿಲ್ಲ ಎಂದು ಗೊತ್ತಾದರೆ ಫೈಲು ಅಲ್ಲಿಗೆ ಮುಚ್ಚುತ್ತದೆ. ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೊಟ್ಟ ಲೈಸೆನ್ಸ್ ಭಾರತದಲ್ಲಿ ನೋಂದಾಯಿಸಿದ ವಿಮಾನಗಳಿಗೆ. ಕ್ಯಾಲಿಫೋರ್ನಿಯಾದ ಸೆಸ್ನಾ ಅಮೆರಿಕದ ನೋಂದಣಿಯದು, ಅದಕ್ಕೆ ಅಲ್ಲಿನ ವಿಮಾನಯಾನ ನಿಯಂತ್ರಕ ಎಫ್‌ಎಎಯ ಸರ್ಟಿಫಿಕೇಟ್ ಬೇಕು. ಅದೃಷ್ಟಕ್ಕೆ ಮತ್ತೆ ಮೊದಲಿನಿಂದ ಪರೀಕ್ಷೆ ಬರೆಯಬೇಕಿಲ್ಲ. ಅಲ್ಲಿನ ನಿಯಮ 61.75ರ ಪ್ರಕಾರ, ನಿಮ್ಮ ಭಾರತೀಯ ಲೈಸೆನ್ಸಿನ ಆಧಾರದ ಮೇಲೆಯೇ ಪ್ರೈವೇಟ್ ಪೈಲಟ್ ಸರ್ಟಿಫಿಕೇಟ್ ಕೊಡುತ್ತಾರೆ. ಅದಕ್ಕೆ ಮೊದಲು ಎಫ್‌ಎಎ ಡಿಜಿಸಿಎಯನ್ನು ಕೇಳಿ ನಿಮ್ಮ ಲೈಸೆನ್ಸ್ ಅಸಲಿಯೇ, ಚಾಲ್ತಿಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳುತ್ತದೆ. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಆ ಪತ್ರ ಬಂದ ಮೇಲೆ ಅಲ್ಲಿಗೆ ಹೋಗಿ ಎಫ್‌ಎಎ ಕಚೇರಿಯಲ್ಲಿ ಅಥವಾ ಅದು ಅಧಿಕಾರ ಕೊಟ್ಟ ಪರೀಕ್ಷಕರ ಮುಂದೆ ಖುದ್ದಾಗಿ ಹಾಜರಾಗಬೇಕು. 2025ರ ಜನವರಿಯಿಂದ ಇನ್ನೊಂದು ನಿಯಮವೂ ಜಾರಿಯಲ್ಲಿದೆ: ಅಮೆರಿಕದಲ್ಲಿ ವಿಳಾಸವಿಲ್ಲದ ಅರ್ಜಿದಾರರು ಎಫ್‌ಎಎಯ ಕಾಗದಪತ್ರ ಪಡೆಯಲು ಅಲ್ಲಿನ ವಿಳಾಸವಿರುವ ಒಬ್ಬರನ್ನು ಏಜೆಂಟ್ ಆಗಿ ಹೆಸರಿಸಬೇಕು. 18 ತುಂಬಿದ ಯಾರಾದರೂ ಆಗಬಹುದು. ನಿಮ್ಮ ತಮ್ಮ ಇದಕ್ಕೆ ಸರಿಯಾದವನು.

ಹೀಗೆ ಸಿಕ್ಕಿದ ಸರ್ಟಿಫಿಕೇಟ್ ನಿಮ್ಮ ಭಾರತೀಯ ಲೈಸೆನ್ಸಿಗೆ ಅಂಟಿಕೊಂಡೇ ಇರುತ್ತದೆ. ಮೂಲ ಲೈಸೆನ್ಸ್ ಜೇಬಿನಲ್ಲಿರಬೇಕು, ಚಾಲ್ತಿಯಲ್ಲಿರಬೇಕು, ಮೆಡಿಕಲ್ ಅವಧಿ ಮುಗಿದಿರಬಾರದು. ಇಷ್ಟರ ಮೇಲೆ ಅಲ್ಲಿನ ಇನ್‌ಸ್ಟ್ರಕ್ಟರ್ ಜೊತೆ ಫ್ಲೈಟ್ ರಿವ್ಯೂ, ಅಂದರೆ ಹಾರಾಟದ ಪರಿಶೀಲನೆ, ಮುಗಿಸಿರಬೇಕು. ಅದು 24 ತಿಂಗಳಿಗೊಮ್ಮೆ ಆಗಬೇಕಾದದ್ದು. ಪ್ರಯಾಣಿಕರನ್ನು ಕೂರಿಸಿಕೊಳ್ಳಲು ಹಿಂದಿನ 90 ದಿನಗಳಲ್ಲಿ ಅದೇ ವರ್ಗದ ವಿಮಾನದಲ್ಲಿ ಮೂರು ಸಲ ಏರಿ ಮೂರು ಸಲ ಇಳಿಸಿರಬೇಕು. ಕೆಲಸದ ಒತ್ತಡದಲ್ಲಿ ಜಕ್ಕೂರಿನ ಕಡೆ ಹೋಗದೆ ತಿಂಗಳುಗಳೇ ಕಳೆದಿದ್ದರೆ, ಅಲ್ಲಿ ಮೊದಲು ಇನ್‌ಸ್ಟ್ರಕ್ಟರ್ ಜೊತೆ ಆ ಮೂರನ್ನು ಮಾಡಿ ಲಾಗ್‌ಬುಕ್ಕಿನಲ್ಲಿ ಬರೆಸಿಕೊಳ್ಳಿ. ಕ್ಲೇಮ್ ಬಂದಾಗ ವಿಮೆಯವರು ಲಾಗ್‌ಬುಕ್ಕಿನ ಈ ಪುಟವನ್ನು ಕೇಳದೆ ಬಿಡುವುದಿಲ್ಲ.

ತಮ್ಮ ಬಾಡಿಗೆ ಕೊಡುತ್ತೇನೆ ಎಂದಿರುವುದು ಪ್ರೀತಿಯ ಮಾತು. ಅದನ್ನು ಹಾಗೆಯೇ ಒಪ್ಪಿಕೊಂಡರೆ ಮಾತ್ರ ತೊಂದರೆ. ಅಮೆರಿಕದ ನಿಯಮದಂತೆ ಪ್ರೈವೇಟ್ ಪೈಲಟ್ ಪ್ರಯಾಣಿಕರೊಂದಿಗೆ ಖರ್ಚು ಹಂಚಿಕೊಳ್ಳಬಹುದು, ಆದರೆ ತನ್ನ ಪಾಲಿಗಿಂತ ಕಡಿಮೆ ಕೊಡುವಂತಿಲ್ಲ; ಹಂಚಿಕೊಳ್ಳಬಹುದಾದದ್ದು ಇಂಧನ, ಆಯಿಲ್, ಏರ್‌ಪೋರ್ಟ್ ಶುಲ್ಕ, ವಿಮಾನದ ಬಾಡಿಗೆ ಮಾತ್ರ. ನೀವು ನಾಲ್ವರು ಕೂತರೆ ಕನಿಷ್ಠ ಕಾಲುಭಾಗ ನಿಮ್ಮ ಜೇಬಿನಿಂದ ಹೋಗಬೇಕು. ಇಡೀ ಬಿಲ್ಲು ತಮ್ಮನ ಕಾರ್ಡಿನಿಂದ ಹೋದರೆ ಅದನ್ನು ಪ್ರತಿಫಲಕ್ಕಾಗಿ ಮಾಡಿದ ಹಾರಾಟ ಎಂದು ವಾದಿಸಲು ಎದುರಿನವರಿಗೆ ದಾರಿಯಾಗುತ್ತದೆ, ಖಾಸಗಿ ಹಾರಾಟಕ್ಕೆ ಕೊಟ್ಟ ಪಾಲಿಸಿ ಆಗ ಅಲುಗಾಡುತ್ತದೆ. ಬಿಲ್ಲು ನಿಮ್ಮ ಕಾರ್ಡಿನಲ್ಲೇ ಆಗಲಿ. ತಮ್ಮ ಅಂದು ರಾತ್ರಿಯ ಊಟ ಕೊಡಿಸಲಿ, ಅದಕ್ಕೆ ಯಾರ ಆಕ್ಷೇಪವೂ ಇಲ್ಲ.

ಅದೇ ನಾಲ್ವರ ಬಗ್ಗೆ ಇನ್ನೊಂದು ಮಾತು. 172ರಲ್ಲಿ ಸೀಟು ನಾಲ್ಕಿವೆ, ಆದರೆ ನಾಲ್ಕು ಜನ ದೊಡ್ಡವರು ಮತ್ತು ಟ್ಯಾಂಕ್ ತುಂಬ ಇಂಧನ ಎರಡೂ ಒಟ್ಟಿಗೆ ಸಾಮಾನ್ಯವಾಗಿ ಸಾಗುವುದಿಲ್ಲ. 172ಎಸ್ ಮಾದರಿಯ ಗರಿಷ್ಠ ಟೇಕಾಫ್ ತೂಕ 2,550 ಪೌಂಡ್, ಅಂದರೆ ಸುಮಾರು 1,157 ಕೆ.ಜಿ. ತೂಕದ ಲೆಕ್ಕ ಬರೆದಿಟ್ಟ ಹಾಳೆಯನ್ನು ಫೋಟೋ ತೆಗೆದು ತಮ್ಮನ ಹೆಂಡತಿಗೋ ಬೇರೆ ಯಾರಿಗೋ, ನೆಲದ ಮೇಲಿರುವವರಿಗೆ ಕಳುಹಿಸಿಡಿ. ಲೈಸೆನ್ಸ್, ಮೆಡಿಕಲ್, ಲಾಗ್‌ಬುಕ್ಕಿನ ಪುಟಗಳು, ಬಾಡಿಗೆ ಕರಾರು, ಪಾಲಿಸಿಗಳು, ವಿಮಾ ಕಂಪನಿಯ ತುರ್ತು ಸಹಾಯದ ನಂಬರು ಎಲ್ಲವೂ ಅವರ ಬಳಿ ಇರಲಿ. ಏನಾದರೂ ಆದಾಗ ಇವುಗಳನ್ನು ಹುಡುಕುವ ಸ್ಥಿತಿಯಲ್ಲಿ ವಿಮಾನದಲ್ಲಿದ್ದವರು ಇರುವುದಿಲ್ಲ. ಹಾರುವ ಮೊದಲಿನ ಎಂಟು ಗಂಟೆ ಮದ್ಯ ಮುಟ್ಟುವಂತಿಲ್ಲ ಎಂಬ ನಿಯಮ ನಿಮಗೆ ಗೊತ್ತೇ ಇರುತ್ತದೆ; ವಿಮೆಗೂ ಅದು ಅಷ್ಟೇ ಮುಖ್ಯ.

ಮಗಳ ಡಿಸ್ಕವರಿ ಫ್ಲೈಟ್ ನೋಡಲು ಸಣ್ಣ ವಿಷಯ, ವಿಮೆಯಲ್ಲಿ ಸಣ್ಣದಲ್ಲ. ಇನ್‌ಸ್ಟ್ರಕ್ಟರೇ ಪೈಲಟ್, ಅವಳು ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತು ಕಂಟ್ರೋಲ್ ಹಿಡಿಯುತ್ತಾಳೆ. ಅವಳು ಪ್ರಯಾಣಿಕಳೋ ವಿದ್ಯಾರ್ಥಿಯೋ? ರಸೀದಿಯಲ್ಲಿ ಬಹಳ ಸಲ 'ಇಂಟ್ರೊಡಕ್ಟರಿ ಲೆಸನ್' ಎಂದು ಬರೆದಿರುತ್ತಾರೆ. ಖುಷಿಗೆ ಒಂದು ಹೊಸ ಲಾಗ್‌ಬುಕ್ ಕೊಟ್ಟು, ಇಷ್ಟು ಹೊತ್ತು ತರಬೇತಿ ಪಡೆದಳು ಎಂದು ಇನ್‌ಸ್ಟ್ರಕ್ಟರ್ ಸಹಿಯನ್ನೂ ಹಾಕಿಕೊಡುತ್ತಾರೆ. ಮಕ್ಕಳಿಗೆ ಅದೊಂದು ದೊಡ್ಡ ಸಂಭ್ರಮ. ಆದರೆ ಪ್ರಯಾಣಿಕರಿಗೆ ಮಾತ್ರ ರಕ್ಷಣೆ ಕೊಡುವ ಪಾಲಿಸಿಯಲ್ಲಿ ಈ ಎರಡು ಕಾಗದಗಳೂ ಅವಳಿಗೆ ವಿರುದ್ಧವಾಗಿ ನಿಲ್ಲುತ್ತವೆ. ಇದನ್ನೂ ಹೆಸರಿಟ್ಟು ಕಂಪನಿಯನ್ನು ಕೇಳಿ.

ಹೆಂಡತಿಯ ಗ್ರ್ಯಾಂಡ್ ಕ್ಯಾನ್ಯನ್ ಹಾರಾಟ ಇವುಗಳಲ್ಲಿ ಎಲ್ಲಕ್ಕಿಂತ ಸುಲಭ. ಟಿಕೆಟ್ ಇದೆ, ವೃತ್ತಿಪರ ಪೈಲಟ್ ಇದ್ದಾರೆ, ಕಂಪನಿಗೆ ಪರವಾನಗಿ ಇದೆ. ಆದರೆ ಅದು ಊರಿಂದೂರಿಗೆ ಹೋಗುವ ಏರ್‌ಲೈನ್ ಅಲ್ಲ, ಸುತ್ತು ಹಾಕಿ ಇಳಿಸುವ ಪ್ರವಾಸಿ ಹಾರಾಟ. ಈಗಿನ ನಿಮ್ಮ ಪಾಲಿಸಿಯ ಒಕ್ಕಣೆಯಲ್ಲಿ ಅನುಮಾನ ಉಳಿಯುತ್ತದೆ. ನಾನು ಹೇಳಿದ ಎರಡನೆಯ ಒಕ್ಕಣೆಯಲ್ಲಿ ಸಲೀಸಾಗಿ ಸೇರುತ್ತದೆ.

ಮುಂದೆ ಬೇರೆ ದೇಶಗಳಲ್ಲೂ ಹಾರುವ ಆಸೆ ಇದ್ದರೆ ಅಮೆರಿಕದ ಲೆಕ್ಕವನ್ನೇ ಅಲ್ಲಿಗೆ ಹಚ್ಚಬೇಡಿ. ನ್ಯೂಜಿಲೆಂಡಿನಲ್ಲಿ 1974ರಿಂದ ಎಸಿಸಿ ಎಂಬ ಸರ್ಕಾರಿ ಅಪಘಾತ ಪರಿಹಾರ ವ್ಯವಸ್ಥೆ ಇದೆ. ತಪ್ಪು ಯಾರದೆಂದು ಕೇಳದೆ, ಪ್ರವಾಸಿಗರಿಗೂ ಸೇರಿ, ಆ ದೇಶದಲ್ಲಾದ ಗಾಯದ ಚಿಕಿತ್ಸೆಗೆ ಅದು ನೆರವಾಗುತ್ತದೆ. ಅದಕ್ಕೆ ಪ್ರತಿಯಾಗಿ ಗಾಯಕ್ಕೆ ಪರಿಹಾರ ಕೇಳಿ ದಾವೆ ಹೂಡುವ ದಾರಿ ಬಹುಮಟ್ಟಿಗೆ ಮುಚ್ಚಿರುತ್ತದೆ. ಕಾಯಿಲೆಗೆ, ಅರ್ಧಕ್ಕೆ ನಿಂತ ಪ್ರವಾಸಕ್ಕೆ, ಬೆಂಗಳೂರಿಗೆ ವಾಪಸ್ ಕರೆತರುವ ಖರ್ಚಿಗೆ ಅದು ಬರುವುದಿಲ್ಲ. ಯುರೋಪಿನಲ್ಲಿ 785/2004 ನಿಯಮದ ಪ್ರಕಾರ ವಿಮಾನದ ತೂಕಕ್ಕೆ ತಕ್ಕಂತೆ ಹೊಣೆಗಾರಿಕೆ ವಿಮೆ ಕಡ್ಡಾಯ. 1,000ದಿಂದ 2,700 ಕೆ.ಜಿ. ಒಳಗಿನ ವಿಮಾನಕ್ಕೆ, ಅಂದರೆ 172ರಂಥದ್ದಕ್ಕೆ, ಹೊರಗಿನವರಿಗಾಗುವ ಹಾನಿಗೆ 30 ಲಕ್ಷ ಎಸ್‌ಡಿಆರ್. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ. ಷೆಂಗೆನ್ ವೀಸಾಕ್ಕೆ ತೋರಿಸುವ 30,000 ಯೂರೋ ಪಾಲಿಸಿಗೂ ಇದಕ್ಕೂ ಸಂಬಂಧವಿಲ್ಲ. ಅದು ವೀಸಾ ಅಧಿಕಾರಿಗೆ ಸಾಕಾಗುವ ಕನಿಷ್ಠ ಮೊತ್ತ, ಹಾರಾಟಕ್ಕೆ ಕೊಟ್ಟ ಭರವಸೆ ಅಲ್ಲ.

ನೀವು ಕೇಳದಿದ್ದರೂ ನಿಮ್ಮ ಟರ್ಮ್ ಇನ್ಶೂರೆನ್ಸ್ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ರಪೋಸಲ್ ಫಾರಂನಲ್ಲಿ 'ಪ್ರಯಾಣಿಕರಾಗಿ ಅಲ್ಲದೆ ಬೇರೆ ರೀತಿ ಹಾರುತ್ತೀರಾ' ಎಂಬ ಪ್ರಶ್ನೆ ಸಾಮಾನ್ಯವಾಗಿ ಇರುತ್ತದೆ. ಹಾರಾಟ ಕಲಿಯುವ ಮೊದಲೇ ಪಾಲಿಸಿ ಮಾಡಿಸಿದ್ದರೆ 'ಇಲ್ಲ' ಎಂದು ಬರೆದದ್ದು ಆಗ ನಿಜವೇ. ಬದಲಾವಣೆ ತಿಳಿಸಬೇಕು ಎಂಬ ಷರತ್ತು ಇದೆಯೇ ನೋಡಿ, ಇದ್ದರೆ ಇವತ್ತೇ ತಿಳಿಸಿ. ಕಲಿಯುತ್ತಿದ್ದಾಗಲೇ 'ಇಲ್ಲ' ಎಂದು ಬರೆದಿದ್ದರೆ ತಡಮಾಡದೆ ಸರಿಪಡಿಸಿ. 1938ರ ವಿಮಾ ಕಾಯ್ದೆಯ 45ನೇ ಕಲಂ ಪ್ರಕಾರ ಮೂರು ವರ್ಷ ಕಳೆದ ಜೀವವಿಮಾ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ ಎಂಬುದು ನಿಜ. ಆದರೆ ಪಾಲಿಸಿಯೇ ಹೊರಗಿಟ್ಟಿರುವ ಅಪಾಯವನ್ನು ಆ ಕಲಂ ಒಳಗೆ ತರುವುದಿಲ್ಲ, ಮತ್ತು ಅಪಘಾತದ ರೈಡರುಗಳಲ್ಲಿ (ಮೂಲ ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ರಕ್ಷಣೆಗಳಲ್ಲಿ) ವಿಮಾನ ಓಡಿಸುವುದನ್ನು ಬಹುತೇಕ ಹೊರಗೇ ಇಟ್ಟಿರುತ್ತಾರೆ.

ಟ್ರಾವೆಲ್ ಪಾಲಿಸಿ ಕೊಟ್ಟ ಕಂಪನಿಗೆ ಫೋನ್ ಮಾಡಬೇಡಿ, ಇಮೇಲ್ ಬರೆಯಿರಿ. 'ಹಾರಾಟ ಕವರ್ ಆಗುತ್ತದೆಯೇ' ಎಂದು ಮೊಟಕಾಗಿ ಕೇಳಿದರೆ ಅಷ್ಟೇ ಮೊಟಕಾದ, ಕೆಲಸಕ್ಕೆ ಬಾರದ ಉತ್ತರ ಬರುತ್ತದೆ. ಹೀಗೆ ಬರೆಯಿರಿ: ನನ್ನ ಪಾಲಿಸಿ ನಂಬರು ಇದು, ಪ್ರಯಾಣದ ದಿನಾಂಕ ಇದು. ಅಮೆರಿಕದಲ್ಲಿ ನೋಂದಾಯಿಸಿದ, ಸ್ಟ್ಯಾಂಡರ್ಡ್ ಏರ್‌ವರ್ದಿನೆಸ್ ಸರ್ಟಿಫಿಕೇಟ್ ಇರುವ ಒಂದೇ ಎಂಜಿನ್ನಿನ ಸೆಸ್ನಾ 172 ಅನ್ನು ಬಾಡಿಗೆಗೆ ಪಡೆದು, ಪ್ರತಿಫಲವಿಲ್ಲದೆ, ಹಗಲಿನಲ್ಲಿ, ಪೈಲಟ್ ಇನ್ ಕಮಾಂಡ್ ಆಗಿ ನಾನೇ ಹಾರಿಸುತ್ತೇನೆ. ಇದೇ ಪಾಲಿಸಿಯಲ್ಲಿರುವ ಹೆಂಡತಿ ಮತ್ತು ಮಗಳು ಪ್ರಯಾಣಿಕರಾಗಿ ಇರುತ್ತಾರೆ. ಇನ್ನೊಂದು ದಿನ ಮಗಳು ಇನ್‌ಸ್ಟ್ರಕ್ಟರ್ ಜೊತೆ ಡಿಸ್ಕವರಿ ಫ್ಲೈಟ್ ಮಾಡುತ್ತಾಳೆ. ಈ ಒಂದೊಂದು ಸಂದರ್ಭದಲ್ಲೂ, ಒಬ್ಬೊಬ್ಬರಿಗೂ, ಆಸ್ಪತ್ರೆ ಖರ್ಚು, ಏರ್ ಆಂಬ್ಯುಲೆನ್ಸ್, ಅಪಘಾತ ಸಾವು, ಪಾರ್ಥಿವ ಶರೀರ ಸ್ವದೇಶಕ್ಕೆ ತರುವುದು ಸೇರುತ್ತವೆಯೇ? ಎಕ್ಸ್‌ಕ್ಲೂಷನ್ ಪುಟದ ಇಂಥ ಸಾಲು ಅಡ್ಡ ಬರುತ್ತದೆಯೇ? ಬರುತ್ತದೆ ಎಂದಾದರೆ ಎಂಡಾರ್ಸ್‌ಮೆಂಟ್ ಕೊಡುತ್ತೀರಾ?

ಉತ್ತರ ಕಂಪನಿಯ ಅಧಿಕೃತ ಇಮೇಲಿನಿಂದಲೇ ಬರಬೇಕು. ಏಜೆಂಟರ ವಾಟ್ಸಾಪ್ ಸಂದೇಶ ಸಾಲದು. ಆ ಉತ್ತರ ಕೈಯಲ್ಲಿದ್ದೂ ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಯ ದೂರು ವಿಭಾಗ, ಆಮೇಲೆ ವಿಮಾ ಒಂಬುಡ್ಸ್‌ಮನ್. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲೇ ಇದೆ, ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. ಎಕ್ಸ್‌ಕ್ಲೂಷನ್ ಅನ್ವಯಿಸುತ್ತದೆ ಎಂದು ಸಾಬೀತು ಮಾಡುವ ಹೊಣೆ ಕಂಪನಿಯದು, ಒಕ್ಕಣೆಯಲ್ಲಿ ಎರಡರ್ಥ ಬಂದರೆ ಅದನ್ನು ಬರೆದ ಕಂಪನಿಗೆ ವಿರುದ್ಧವಾಗಿಯೇ ಓದಬೇಕು ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ನೀವೇ ಸೆಸ್ನಾ ಹಾರಿಸುವ ವಿಷಯದಲ್ಲಿ ಮಾತ್ರ ನಿಮ್ಮ ಈಗಿನ ಪಾಲಿಸಿಯ ಸಾಲಿನಲ್ಲಿ ಎರಡರ್ಥಕ್ಕೆ ಎಡೆಯಿಲ್ಲ, ಅಷ್ಟು ಸ್ಪಷ್ಟವಾಗಿ ಬರೆದಿದ್ದಾರೆ.

ಮೇ ತಿಂಗಳಲ್ಲಿ ಹೊರಡುವುದಾದರೆ ಎಫ್‌ಎಎ ಅರ್ಜಿಯನ್ನು ಜನವರಿಯಲ್ಲೇ ಹಾಕಿ, ಅದೇ ವಾರ ವಿಮಾ ಕಂಪನಿಗೆ ಇಮೇಲ್ ಕಳುಹಿಸಿ. ಮಾರ್ಚ್ ಕೊನೆಯೊಳಗೆ ಲಿಖಿತ ಉತ್ತರ ಬರದಿದ್ದರೆ ಏವಿಯೇಷನ್ ಬ್ರೋಕರನ್ನು ಕಾಣಿ, ಮನೆಯವರಿಗೆ ಎರಡನೆಯ ಒಕ್ಕಣೆಯ ಪಾಲಿಸಿ ಹುಡುಕಿ. ಏಪ್ರಿಲ್‌ನಲ್ಲಿ ಕ್ಲಬ್ಬಿನ ಕರಾರು ತರಿಸಿಕೊಂಡು, ಡಿಡಕ್ಟಿಬಲ್ ನೋಡಿ, ಅದಕ್ಕೆ ಸರಿಹೊಂದುವಷ್ಟು ರೆಂಟರ್ಸ್ ಇನ್ಶೂರೆನ್ಸ್ ಮಾಡಿಸಿ. ಹೊರಡುವ ಮೊದಲು ಒಂದೆರಡು ಭಾನುವಾರ ಜಕ್ಕೂರಿಗೆ ಹೋಗಿ ಕೈ ಚುರುಕು ಮಾಡಿಕೊಳ್ಳಿ. ಕಂಪನಿಯಿಂದ ಉತ್ತರ ಬಂದಾಗ ನನಗೂ ಕಳುಹಿಸಿ, ಒಕ್ಕಣೆ ನೋಡಿ ಹೇಳುತ್ತೇನೆ.